ಸ್ವಂತ ವಾಹನದಲ್ಲಿ ಮಲಪ್ರಭೆಯ ದಡಕ್ಕೆ

ಹುಬ್ಬಳ್ಳಿ ನಗರದೊಳಗೆ ಬೆರೆತುಹೋಗಿರುವ ನಮ್ಮ ಗೋಪನಕೊಪ್ಪದಲ್ಲಿ ಇಂದು ಅನೇಕ ಮನೆಗಳ ಮುಂದೆ ಸ್ವಂತ ಕಾರು ನಿಂತಿರುತ್ತದೆ. ರಜೆ ಬಂದೊಡನೆ ಮಗನೋ ಅಳಿಯನೋ ಚಾಲಕನಾಗುತ್ತಾನೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಈ ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸಿ ರಾತ್ರಿಯೇ ಮನೆ ಸೇರುವ ಹವಣಿಕೆ ನಡೆಯುತ್ತದೆ. ಇಂಥ ಅವಸರದಿಂದ ನೋಡಬೇಕಾದುದು ನೋಡದೆ ಉಳಿಯುತ್ತದೆ. ದಣಿದ ಚಾಲಕನ ಕೈಯಲ್ಲಿ ಇಡೀ ಕುಟುಂಬದ ಪ್ರಾಣವೂ ಇರುತ್ತದೆ. ಆದಕಾರಣ ಎರಡು ರಾತ್ರಿಗಳ ವಸತಿಯ ಯೋಜನೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಕುಸುಗಲ್, ನವಲಗುಂದ, ನರಗುಂದಗಳ ಮಾರ್ಗವಾಗಿ ಕುಳಗೇರಿ ಕ್ರಾಸಿಗೆ ಬಂದು ಬಲಕ್ಕೆ ಹೊರಳಿದರೆ ಬಾದಾಮಿ. ದೂರ ಸುಮಾರು 105 ಕಿಲೋಮೀಟರು. ನರಗುಂದದ ಗುಡ್ಡ ಕಂಡಾಗ 1858ರಲ್ಲಿ ಆಂಗ್ಲರ ವಿರುದ್ಧ ಎದ್ದ ಬಾಬಾಸಾಹೇಬರ ಕಥೆಯನ್ನು ಮಕ್ಕಳಿಗೆ ಹೇಳಬೇಕು. ಈ ಸೀಮೆಯದು ಎರೆಭೂಮಿ. ಮಳೆ ಬಿದ್ದಾಗ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿದರೆ ಗಾಲಿ ಹೂತುಹೋಗುತ್ತದೆ. ಬೆಣ್ಣೆಹಳ್ಳ ತುಂಬಿದ ಸುದ್ದಿ ಇದ್ದರೆ ಪ್ರಯಾಣವನ್ನೇ ಮುಂದೂಡುವುದು ಲೇಸು. ಮಲಪ್ರಭೆಗೆ ಮಹಾಪೂರ ಬಂದ 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ದೇಗುಲಗಳಿಗೂ ನೀರು ನುಗ್ಗಿತ್ತು. ಬೇಸಿಗೆಯಲ್ಲಿ ಬಂಡೆಗಳು ಕಾದು ಬರಿಗಾಲಿಡಲಾಗದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತವಾದುದು.

ಮೊದಲ ದಿನವನ್ನು ಬಾದಾಮಿಗೆ ಮೀಸಲಿಡಬೇಕು. ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಮೆಟ್ಟಿಲು ಹತ್ತಲಾರದ ಹಿರಿಯರನ್ನು ಕೆಳಗೆ ಕಾರಿನಲ್ಲಿ ಕೂರಿಸಿಹೋಗುವ ಪದ್ಧತಿ ಸರಿಯಲ್ಲ. ಅವರನ್ನು ಅಗಸ್ತ್ಯತೀರ್ಥದ ದಂಡೆಯ ಭೂತನಾಥ ದೇಗುಲಗಳಿಗೆ ಕರೆದೊಯ್ಯಬಹುದು. ಮಂಗಗಳ ಕಾಟವಿರುವುದರಿಂದ ಬುತ್ತಿಯನ್ನು ಕೈಯಲ್ಲಿ ಹಿಡಿದು ನಡೆಯಬಾರದು. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ಬಿಡುವು. ಸಂಜೆ ಬನಶಂಕರಿ ಅಥವಾ ಮಹಾಕೂಟ, ಇವೆರಡರಲ್ಲಿ ಒಂದು ಸಾಕು. ಪುಷ್ಯಮಾಸದಲ್ಲಿ ಬನಶಂಕರಿ ಜಾತ್ರೆಯ ಜನಸಂದಣಿ ಇರುವುದನ್ನು ನೆನಪಿಡಬೇಕು. ಸಮಯ ಉಳಿದರೆ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಶಿವಯೋಗಮಂದಿರವನ್ನು ದರ್ಶಿಸಬಹುದು.

ಎರಡನೆಯ ದಿನ ಬೆಳಗ್ಗೆ ಸುಮಾರು 22 ಕಿಲೋಮೀಟರು ದೂರದ ಪಟ್ಟದಕಲ್ಲು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರದಲ್ಲಿ ಉತ್ತರದ ನಾಗರ ಶೈಲಿಯ ಶಿಖರವೂ ದಕ್ಷಿಣದ ದ್ರಾವಿಡ ಶೈಲಿಯ ವಿಮಾನವೂ ಒಂದೇ ಅಂಗಳದಲ್ಲಿ ನಿಂತಿವೆ. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ವಿರೂಪಾಕ್ಷ ದೇಗುಲವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು. ಅಲ್ಲಿಂದ ಐಹೊಳೆ ಸಮೀಪವೇ. ಅಲ್ಲಿ ದುರ್ಗದ ಗುಡಿಯನ್ನೂ, ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಮೇಗುತಿಯನ್ನೂ ನೋಡಿದರೆ ಸಾಕು. ನೂರಕ್ಕೂ ಮಿಕ್ಕ ಗುಡಿಗಳನ್ನು ಎಣಿಸುತ್ತ ಓಡುವ ಅಗತ್ಯವಿಲ್ಲ. ಈ ದುರ್ಗವೆಂಬುದು ಕೋಟೆಯ ಹೆಸರು, ದೇವಿಯ ಹೆಸರಲ್ಲ.

ಹೊತ್ತು ಮುಳುಗುವ ಮುನ್ನ ಕೂಡಲಸಂಗಮ ಸೇರಿ ಅಲ್ಲಿಯೇ ತಂಗಬೇಕು. ನಾರಾಯಣಪುರ ಜಲಾಶಯದ ಹಿನ್ನೀರು ಏರಿ ಬಂದರೂ ಬಾವಿಯಂಥ ಗೋಡೆಯೊಳಗೆ ಕಾಪಾಡಲ್ಪಟ್ಟ ಬಸವಣ್ಣನವರ ಐಕ್ಯಸ್ಥಳಕ್ಕೆ ಮೆಟ್ಟಿಲಿಳಿದು ಹೋಗಬೇಕಾಗುತ್ತದೆ. ಕನಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೃಷ್ಣೆಯನ್ನು ಕೂಡುವುದೂ ಇಲ್ಲಿಯೇ. ಆರನೆಯ ಶತಮಾನದ ಅರಸರ ಗುಹೆಗಳಿಂದ ಹನ್ನೆರಡನೆಯ ಶತಮಾನದ ಶರಣರ ನೆಲೆಯವರೆಗೆ ಒಂದೇ ನದಿ ನಮ್ಮನ್ನು ಕರೆತಂದಿರುತ್ತದೆ.

ಮೂರನೆಯ ದಿನ ಬಾಗಲಕೋಟೆ, ಕೆರೂರು ಮಾರ್ಗವಾಗಿ ಹಗಲಿನಲ್ಲಿಯೇ ಮರಳಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರುಗಳು ಕತ್ತಲೆಯಲ್ಲಿ ಕಾಣುವುದೇ ಇಲ್ಲ. ಎರಡು ತಾಸಿಗೊಮ್ಮೆ ಚಾಲಕನಿಗೆ ವಿಶ್ರಾಂತಿ ಕೊಡಬೇಕು. ಹಿಂದೆ ಕುಳಿತವರೂ ಸೀಟು ಬೆಲ್ಟು ಧರಿಸಬೇಕು. ಹೊರಡುವ ಮುನ್ನ ಗಾಲಿಗಳ ಗಾಳಿ, ಹೆಚ್ಚಿನ ಗಾಲಿ, ಬ್ರೇಕುಗಳನ್ನು ಪರೀಕ್ಷಿಸಬೇಕು; ಹಿರಿಯರ ಔಷಧಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು.

ಸ್ವಂತ ವಾಹನದ ನಿಜವಾದ ಅನುಕೂಲವೆಂದರೆ ಬೇಕಾದಲ್ಲಿ ನಿಲ್ಲಬಹುದಾದ ಸ್ವಾತಂತ್ರ್ಯ. ಮನೆಯ ಅಜ್ಜಿಯ ನಡಿಗೆಯ ಅಳತೆಗೆ ತಕ್ಕಂತೆ ಯಾತ್ರೆಯನ್ನು ಯೋಜಿಸಿದ ಕುಟುಂಬಕ್ಕೆ ಆ ಸ್ವಾತಂತ್ರ್ಯ ಸಾರ್ಥಕವಾಗುತ್ತದೆ ಎಂದು ನಾವು ನಂಬುತ್ತೇವೆ.