ಕಾಳಿನ ಗುಳಿಗಿ, ಸೊಳ್ಳೆ ಬತ್ತಿ ಮತ್ತು ಮನೆ ಬೆಕ್ಕು

ನಮ್ಮ ಕಡೆ ಒಂದು ವಿಚಿತ್ರ ಅದ. ಹೊಲಕ್ಕೆ ಹೊಡೆಯುವ ವಿಷಕ್ಕೆ ನಾವು ವಿಷ ಅನ್ನೋದಿಲ್ಲ, "ಎಣ್ಣಿ" ಅಂತೀವಿ. "ಇವತ್ತು ತೊಗರಿಗೆ ಎಣ್ಣಿ ಹೊಡೀಬೇಕು" ಅಂದ್ರೆ ಬಸವಕಲ್ಯಾಣ, ಹುಮನಾಬಾದ್ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯೊಳಗೆ ಬಂದರೆ ಹೆಸರು ಇನ್ನೂ ಮೆತ್ತಗಾಗುತ್ತದೆ: ಜಿರಳಿ ಔಷಧ, ತಗಣಿ ಔಷಧ, ಕಾಳಿನ ಗುಳಿಗಿ. ಔಷಧ ಅಂದಮೇಲೆ ಭಯ ಎಲ್ಲಿಂದ ಬರಬೇಕು?

ಈ ಸಲ ನಾವು ಹಾಸ್ಟೆಲ್ ಸೊಳ್ಳೆಗಳ ಬಗ್ಗೆ ಬರೆಯೋಣ ಅಂತಿದ್ವಿ. ಆದರೆ ಮಾತು ಕಾಳಿನ ಗುಳಿಗಿ ಕಡೆ ಹೋಯಿತು, ಅಲ್ಲೇ ನಿಂತಿತು. ನಮ್ಮ ಕ್ಲಾಸ್‌ಮೇಟ್ ಒಬ್ಬನ ಕಾಕಾ ಹುಮನಾಬಾದ್‌ನ ಒಂದು ಅಂಗಡಿಯಿಂದ ನಾಲ್ಕು ಗುಳಿಗಿ ತಂದಿದ್ದರು. ಡಬ್ಬಿ ಇಲ್ಲ, ಲೇಬಲ್ ಇಲ್ಲ, ಪೇಪರ್ ಚೂರಿನಲ್ಲಿ ಸುತ್ತಿ ಕೊಟ್ಟದ್ದು. ಜೋಳದ ಚೀಲಗಳು ಇದ್ದದ್ದು ಅವರು ಮಲಗುವ ಕೋಣೆಯಲ್ಲೇ. "ಕಾಕಾ, ಇದನ್ನ ಮನ್ಯಾಗ ಇಡಬ್ಯಾಡ್ರಿ" ಅಂದ್ರೆ ಅವರ ಉತ್ತರ: "ಏ ತಮ್ಮಾ, ಮೂವತ್ತು ವರ್ಷದಿಂದ ಇಡ್ಲಾಕತ್ತೀವಿ, ಏನಾಗ್ಯದ?"

ಪ್ರಶ್ನೆ ಸರಿಯಾಗೇ ಇದೆ. ಹಾಗಾಗಿ ಲೆಕ್ಕ ಮಾಡಿಯೇ ನೋಡೋಣ.

ಗುಳಿಗಿಯಲ್ಲಿ ಇರುವುದು ಅಲ್ಯೂಮಿನಿಯಂ ಫಾಸ್ಫೈಡ್. ಒಂದರ ತೂಕ 3 ಗ್ರಾಂ, ಅದರಲ್ಲಿ 56% ಅಸಲಿ ವಸ್ತು, ಅಂದರೆ 1.68 ಗ್ರಾಂ. ಇದಕ್ಕೆ ಗಾಳಿಯಲ್ಲಿನ ತೇವ ತಾಗಿದರೆ ಫಾಸ್ಫೀನ್ ಅನ್ನುವ ಗ್ಯಾಸ್ ಬಿಡುತ್ತದೆ. ಹುಳ ಸಾಯುವುದು ಗುಳಿಗಿಯಿಂದಲ್ಲ, ಈ ಗ್ಯಾಸಿನಿಂದ. ಫಾಸ್ಫೈಡಿನ ಅಣುತೂಕ 58, ಫಾಸ್ಫೀನಿನದು 34. ಫಸ್ಟ್ ಇಯರ್ ಕೆಮಿಸ್ಟ್ರಿ ಮರೆತಿಲ್ಲದಿದ್ದರೆ ಉತ್ತರ ಸಿಗುತ್ತದೆ: ಒಂದು ಗುಳಿಗಿಯಿಂದ ಸುಮಾರು 1 ಗ್ರಾಂ ಗ್ಯಾಸ್.

ಈಗ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆ ತಗೊಳ್ಳಿ. ಅದರ ಗಾತ್ರ 28 ಘನ ಮೀಟರ್. ಕಿಟಕಿ ಬಾಗಿಲು ಮುಚ್ಚಿ, ಗ್ಯಾಸ್ ಪೂರ್ತಿ ಒಳಗೇ ಉಳಿದರೆ ಸುಮಾರು 25 ಪಿಪಿಎಂ ಆಗುತ್ತದೆ. ಅಮೆರಿಕದಲ್ಲಿ ಎಂಟು ಗಂಟೆ ಕೆಲಸ ಮಾಡುವ ಕಾರ್ಮಿಕರಿಗೆ ಇಟ್ಟಿರುವ ಮಿತಿ 0.3 ಪಿಪಿಎಂ. ಅಂದರೆ ಒಂದೇ ಗುಳಿಗಿ ಆ ಮಿತಿಯ ಎಂಬತ್ತು ಪಟ್ಟು ದಾಟಿಸಬಲ್ಲದು. ಎರಡು ಗುಳಿಗಿ ಇಟ್ಟರೆ 50 ಪಿಪಿಎಂ. ಅದು ತಕ್ಷಣ ಜೀವಕ್ಕೇ ಅಪಾಯ ಅಂತ ಗುರುತಿಸಿರುವ ಮಟ್ಟ. ಕಾಕಾ ತಂದದ್ದು ನಾಲ್ಕು.

ಹಾಗಾದ್ರೆ ಮೂವತ್ತು ವರ್ಷ ಯಾಕೆ ಏನೂ ಆಗಲಿಲ್ಲ? ನಮ್ಮ ಊಹೆ ಏನಂದ್ರೆ, ಕಾರಣ ಮನೆ. ಹಳೆಯ ಮಾಳಿಗಿ ಮನೆಗೆ ಮೇಲೆ ಬೆಳಕಿಂಡಿ, ಬಾಗಿಲ ಸಂದು, ಗೋಡೆ ಬಿರುಕು, ಎಲ್ಲಾ ಕಡೆಯಿಂದ ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ ಸ್ಲ್ಯಾಬ್, ಸ್ಲೈಡಿಂಗ್ ಕಿಟಕಿ. ಸಿವಿಲ್ ಬ್ರಾಂಚಿನವರು ಬೈಬೇಡಿ, ಆದರೆ ಮಳೆಗಾಲದಲ್ಲಿ ಎಲ್ಲಾ ಮುಚ್ಚಿಕೊಂಡು ಮಲಗಿದ ಕೋಣೆ ಒಂದು ಡಬ್ಬಿಯೇ. ಅದೇ ಮಳೆಗಾಲದಲ್ಲಿ ತೇವ ಜಾಸ್ತಿ, ಗ್ಯಾಸ್ ಬೇಗ ಬಿಡುತ್ತದೆ.

ನೀರು ಎಷ್ಟು ಕೆಲಸ ಮಾಡುತ್ತದೆ ಅನ್ನೋದಕ್ಕೆ 2017ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಅಮರಿಲ್ಲೊ ಊರಲ್ಲಿ ನಡೆದದ್ದನ್ನು ನೋಡಿ. ಮನೆಯ ಕೆಳಗೆ ಇಲಿ-ಹೆಗ್ಗಣಕ್ಕೆ ಇದೇ ರಾಸಾಯನಿಕ ಹಾಕಿದ್ದರು. ಅದನ್ನು ತೊಳೆದುಬಿಡೋಣ ಅಂತ ನೀರು ಬಿಟ್ಟರು. ಗ್ಯಾಸ್ ಮನೆಯೊಳಗೆ ಏರಿ ನಾಲ್ಕು ಮಕ್ಕಳು ತೀರಿಕೊಂಡರು.

ಫಾಸ್ಫೀನ್ ನಮ್ಮ ಜೀವಕೋಶಗಳು ಆಕ್ಸಿಜನ್ ಬಳಸುವುದನ್ನೇ ತಡೆಯುತ್ತದೆ, ಹೃದಯಕ್ಕೆ ಪೆಟ್ಟು ಜೋರು. ಇದಕ್ಕೆ ಪ್ರತಿವಿಷ ಇಲ್ಲ. ಶುರುವಿನಲ್ಲಿ ಕಾಣೋದು ತಲೆನೋವು, ವಾಂತಿ, ಹೊಟ್ಟೆನೋವು, ಎದೆ ಬಿಗಿತ. ಮನೆಯವರು "ರಾತ್ರಿ ಊಟ ಸರಿಯಾಗಿಲ್ಲ" ಅಂದುಕೊಂಡು ಅದೇ ಕೋಣೆಯಲ್ಲಿ ಮತ್ತೆ ಮಲಗಿಸಿದರೆ ಮುಗೀತು. ಬೆಳ್ಳುಳ್ಳಿ ಅಥವಾ ಕಾರ್ಬೈಡ್ ತರಹ ವಾಸನೆ ಬರುತ್ತದೆ ಅಂತಾರೆ, ನಿಜ. ಆದರೆ ಆ ವಾಸನೆ ಬಹುಪಾಲು ಕಲಬೆರಕೆ ಅನಿಲಗಳದ್ದು. ವಾಸನೆ ಇಲ್ಲ ಅಂದ್ರೆ ಗ್ಯಾಸ್ ಇಲ್ಲ ಅಂತಲ್ಲ. ಭಾರತದಲ್ಲಿ ಇದನ್ನು ಸರ್ಕಾರಿ ಉಗ್ರಾಣದವರು, ಪರವಾನಗಿ ಇರುವ ಪೆಸ್ಟ್ ಕಂಟ್ರೋಲ್‌ನವರು ಮಾತ್ರ ಬಳಸಬೇಕು ಅನ್ನುವ ನಿರ್ಬಂಧ ಇದೆ. ಪೇಪರ್ ಚೂರಿನಲ್ಲಿ ಕೊಡುವಂಥದ್ದೇ ಅಲ್ಲ.

ಮತ್ತೆ ಹುಳಕ್ಕೆ ಏನು ಮಾಡೋದು? ಉತ್ತರ ಕರ್ನಾಟಕದ ಹಗೇವು ನೆನಪಿಸಿಕೊಳ್ಳಿ. ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿ ಬಾಯಿ ಮುಚ್ಚಿದರೆ, ಕಾಳು ಮತ್ತು ಹುಳಗಳ ಉಸಿರಾಟದಿಂದಲೇ ಒಳಗಿನ ಆಕ್ಸಿಜನ್ ಖಾಲಿಯಾಗಿ ಹುಳ ಸಾಯುತ್ತದೆ. ತೆರೆದ ಕೂಡಲೇ ಒಳಗೆ ಇಳಿದರೆ ಮನುಷ್ಯನೂ ಸಾಯುತ್ತಾನೆ, ಅದಕ್ಕೇ ಹಿರಿಯರು ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಇದೇ ತತ್ವದ ಮೇಲೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಅಲಸಂದಿ ರೈತರಿಗಾಗಿ ಗಾಳಿಯಾಡದ ಮೂರು ಪದರದ ಚೀಲ ಮಾಡಿದರು. ಕಾಳು ಚೆನ್ನಾಗಿ ಒಣಗಿಸಿ ಅಂಥ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಗುಳಿಗಿ ಬೇಕಾಗಿಲ್ಲ.

ಇನ್ನು ಬೆಕ್ಕು. ಸ್ಪ್ರೇ, ಲಿಕ್ವಿಡ್, ಜಿರಳಿ ಚಾಕ್, ನಾಯಿಯ ಉಣ್ಣಿಗೆ ಹಚ್ಚುವ ಔಷಧ, ಇವುಗಳಲ್ಲಿ ಬಹಳಷ್ಟರಲ್ಲಿ ಇರೋದು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕ. ಅದು ನರಗಳ ಸೋಡಿಯಂ ಗೇಟ್‌ಗಳನ್ನು ಮುಚ್ಚಲು ಬಿಡುವುದಿಲ್ಲ. ಸ್ವಿಚ್ ಆನ್ ಆಗಿಯೇ ಉಳಿದ ಹಾಗೆ. ನಮ್ಮ ಲಿವರ್, ನಾಯಿಯ ಲಿವರ್ ಅದನ್ನು ಬೇಗ ಒಡೆದು ಹೊರಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ಬಹಳ ಕಡಿಮೆ. ಹಾಗಾಗಿ ನಾಯಿಗೆ ಅಂತ ಇರುವ ಪರ್ಮೆಥ್ರಿನ್ ದ್ರವವನ್ನು ಬೆಕ್ಕಿಗೆ ಹಚ್ಚಿದರೆ ಗಂಟೆಗಳಲ್ಲಿ ನಡುಕ, ಫಿಟ್ಸ್, ಸಾವೂ ಆಗಬಹುದು. ಹಚ್ಚಿದ ನಾಯಿಯ ಜೊತೆ ಬೆಕ್ಕು ಮಲಗಿದರೂ ಸಾಕು. ಮೀನಿಗಂತೂ ಇದು ಇನ್ನೂ ಕಡು ವಿಷ. ಸ್ಪ್ರೇ ಹೊಡೆಯುವಾಗ ಅಕ್ವೇರಿಯಂ ಮುಚ್ಚಿ, ಏರ್ ಪಂಪ್ ಆಫ್ ಮಾಡಿ, ಇಲ್ಲದಿದ್ದರೆ ಪಂಪೇ ಆ ಗಾಳಿಯನ್ನು ನೀರಿಗೆ ಎಳೆಯುತ್ತದೆ.

ಇಲಿ ಕೇಕ್ ಮೋಸ ಬೇರೆ ತರಹ. ಬ್ರೋಮಡಿಯೋಲೋನ್ ಇರುವ ಕೇಕ್ ತಿಂದ ನಾಯಿ ಎರಡು ಮೂರು ದಿನ ಆರಾಮಾಗಿ ಓಡಾಡುತ್ತದೆ, ಆಮೇಲೆ ಒಳಗೇ ರಕ್ತಸ್ರಾವ ಶುರು. ಇದಕ್ಕೆ ವಿಟಮಿನ್ ಕೆ1 ಇದೆ, ಬೇಗ ಹೋದರೆ ಉಳಿಯುತ್ತದೆ. ಆದರೆ ಹಳದಿ ರಂಜಕದ ಇಲಿ ಪೇಸ್ಟ್‌ಗೆ ಪ್ರತಿವಿಷವೇ ಇಲ್ಲ. ನೋಡೋದಕ್ಕೆ ಟೂತ್‌ಪೇಸ್ಟ್ ತರಹ. ತಿಂದವರು ಮೊದಲು ಸುಧಾರಿಸಿದ ಹಾಗೆ ಕಂಡು, ಆಮೇಲೆ ಲಿವರ್ ಕೈಕೊಡುತ್ತದೆ.

ಸೊಳ್ಳೆ ಬತ್ತಿ ಬಗ್ಗೆ ಒಂದೇ ಮಾತು: ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಅಂತ 2003ರ ಒಂದು ಅಧ್ಯಯನ ಅಳೆದು ಹೇಳಿದೆ. ರೂಮಲ್ಲಿ ಸಿಗರೇಟ್ ಸೇದಿದರೆ ಫೈನ್ ಹಾಕುವ ಹಾಸ್ಟೆಲ್‌ಗಳಲ್ಲೂ ಬತ್ತಿಗೆ ಅಡ್ಡಿ ಇಲ್ಲ! ಸೊಳ್ಳೆ ಪರದೆ ಕಟ್ಟಿ.

ತಗಣಿಗೆ ಹಳಬರು ಹೇಳುವ ನುವಾನ್, ಅಂದರೆ ಡೈಕ್ಲೋರ್ವಾಸ್, 2020ರ ಕೊನೆಯಿಂದ ದೇಶದಲ್ಲಿ ನಿಷೇಧ. ಯಾರ ಮನೆಯ ಅಟ್ಟದಲ್ಲಾದರೂ ಹಳೆ ಬಾಟಲಿ ಉಳಿದಿದ್ದರೆ ಮುಟ್ಟಬೇಡಿ. ಯಾವ ಡಬ್ಬಿ ಕೊಂಡರೂ ಮೇಲಿನ ವಜ್ರಾಕಾರದ ಗುರುತು ನೋಡಿ: ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದ್ರೂ ವಿಷವೇ, ಕಡಿಮೆ ಅಷ್ಟೇ. ನೀರಿನ ಬಾಟಲಿಗೆ ಸುರಿದಿಟ್ಟರೆ ಈ ಗುರುತೂ ಹೋಯಿತು.

ಯಾರಿಗಾದರೂ ಆದರೆ ಮೊದಲು ಹೊರಗಿನ ಗಾಳಿಗೆ ತನ್ನಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿ ಅಥವಾ ಅದರ ಫೋಟೋ ಜೊತೆಗೇ ತಗೊಂಡು ಆಸ್ಪತ್ರೆಗೆ ಓಡಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರ್‌ಗೆ ಅರ್ಧ ಕೆಲಸ ಮುಗಿದ ಹಾಗೆ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117. ಪ್ರಾಣಿಗಳಿಗೆ 1962 ಒತ್ತಿದರೆ ಪಶು ಸಂಜೀವಿನಿ ಗಾಡಿ, ಇಲ್ಲಾ ಬೀದರ್‌ನ ಪಶು ವೈದ್ಯಕೀಯ ಕಾಲೇಜು. ಹುಮನಾಬಾದ್‌ನಿಂದ ಸುಮಾರು 50 ಕಿಲೋಮೀಟರ್, ಹೊರಡುವ ಮುಂಚೆ ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ, ಮೈ ನೆಕ್ಕದ ಹಾಗೆ.