ಜಮೀನು ಇದೆ, ಪಹಣಿ ಕಾಣೆ: ಎಸ್‌ಎಸ್‌ಡಿ ಕೈಕೊಟ್ಟಾಗ ಏನು ಮಾಡಬೇಕು?

ಹಳೆಯ ಹಾರ್ಡ್‌ಡಿಸ್ಕ್ ಸಾಯುವ ಮುಂಚೆ ಸದ್ದು ಮಾಡುತ್ತಿತ್ತು. ಕಟಕಟ ಹಲ್ಲು ಕಡಿದು, ಗೊರಗೊರ ಗೊಣಗಿ, ಎಷ್ಟೋ ಸಲ ಫೋಟೊಗಳನ್ನು ಬೇರೆಡೆಗೆ ಸಾಗಿಸುವಷ್ಟು ಸಮಯ ಕೊಡುತ್ತಿತ್ತು. ಅದರ ಜಾಗಕ್ಕೆ ಬಂದ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಓಡಾಡುವ ಕೈ ಇಲ್ಲ. ಹಾಗಾಗಿ ನರಳಾಟವೂ ಇಲ್ಲ. ರಾತ್ರಿ ಚೆನ್ನಾಗಿದ್ದ ಲ್ಯಾಪ್‌ಟಾಪ್ ಬೆಳಿಗ್ಗೆ ತೆರೆದರೆ ಕಪ್ಪು ಪರದೆ, ‘ಬೂಟ್ ಡಿವೈಸ್ ಸಿಗುತ್ತಿಲ್ಲ’ ಎಂಬ ಒಂದು ಸಾಲು.

ಆಗ ಗಾಬರಿಯಲ್ಲಿ ಮಾಡುವ ಕೆಲಸಗಳೇ ಎಷ್ಟೋ ಸಲ ಮೂಲ ಕಾಯಿಲೆಗಿಂತ ಹೆಚ್ಚು ಹಾನಿ ಮಾಡುತ್ತವೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದು ಹೊಳೆಯಬೇಕಾದರೆ ಆ ಪುಟ್ಟ ಹಲಗೆಯೊಳಗೆ ಏನು ನಡೆಯುತ್ತದೆ ಎಂದು ತಿಳಿದಿರಬೇಕು.

ಒಳಗೊಬ್ಬ ಶಾನುಭೋಗ

ಎಸ್‌ಎಸ್‌ಡಿಯಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು, ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುವ ನ್ಯಾಂಡ್ ಫ್ಲ್ಯಾಶ್ ಚಿಪ್‌ಗಳು. 1980ರ ದಶಕದಲ್ಲಿ ತೋಷಿಬಾದ ಎಂಜಿನಿಯರ್ ಫುಜಿಯೊ ಮಸುವೊಕ ರೂಪಿಸಿದ ತಂತ್ರ ಇದು. ಇನ್ನೊಂದು, ಆ ಚಿಪ್‌ಗಳನ್ನು ಆಳುವ ಕಂಟ್ರೋಲರ್.

ನ್ಯಾಂಡ್‌ಗೆ ಒಂದು ವಿಚಿತ್ರ ಸ್ವಭಾವವಿದೆ. ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳ ಬ್ಲಾಕ್ ಲೆಕ್ಕದಲ್ಲಿ. ಬರೆದ ಪುಟವನ್ನು ಇದ್ದಲ್ಲೇ ತಿದ್ದಲಾಗದು. ಆದ್ದರಿಂದ ನೀವು ಒಂದು ಕಡತವನ್ನು ತಿದ್ದಿ ಉಳಿಸಿದಾಗ ಕಂಟ್ರೋಲರ್ ಅದನ್ನು ಬೇರೆ ಖಾಲಿ ಪುಟಕ್ಕೆ ಬರೆದು, ಹಳೆಯದನ್ನು ‘ಕಸ’ ಎಂದು ಗುರುತು ಹಾಕಿಕೊಳ್ಳುತ್ತದೆ. ಎಲ್ಲ ಬ್ಲಾಕ್‌ಗಳೂ ಸಮನಾಗಿ ಸವೆಯಲೆಂದು ಮಾಹಿತಿಯನ್ನು ಆಗಾಗ ಎತ್ತಿಡುತ್ತಲೂ ಇರುತ್ತದೆ. ಯಾವುದು ಎಲ್ಲಿದೆ ಎಂಬ ಲೆಕ್ಕ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆ ಲೆಕ್ಕದ ಪುಸ್ತಕ ಕಂಟ್ರೋಲರ್‌ನ ಕೈಯಲ್ಲಿ ಮಾತ್ರ.

ಹಳೆಯ ಕಾಲದ ಶಾನುಭೋಗರನ್ನು ನೆನೆಸಿಕೊಳ್ಳಿ. ಹೊಲ ಎಲ್ಲಿಗೂ ಹೋಗಿರುವುದಿಲ್ಲ. ಆದರೆ ಪಹಣಿ ಕಳೆದುಹೋದರೆ ಯಾವ ಹೊಲ ಯಾರದೆಂದು ಹೇಳುವವರಿಲ್ಲ. ಎಸ್‌ಎಸ್‌ಡಿ ಹಠಾತ್ತನೆ ಮೂಕವಾದಾಗ ಅನೇಕ ಸಲ ನಡೆದಿರುವುದು ಇಷ್ಟೇ: ಚಿಪ್‌ಗಳು ಸವೆದಿಲ್ಲ, ಲೆಕ್ಕ ಕೆಟ್ಟಿದೆ.

ಇದು ಬರೀ ಊಹೆಯಲ್ಲ. 2011ರಲ್ಲಿ ಇಂಟೆಲ್‌ನ 320 ಸರಣಿಯ ಕೆಲವು ಡ್ರೈವ್‌ಗಳು ಹಠಾತ್ ವಿದ್ಯುತ್ ಕಡಿತದ ನಂತರ ತಮ್ಮ ಗಾತ್ರ ಬರೀ 8 ಎಂಬಿ ಎಂದು ತೋರಿಸತೊಡಗಿದವು. ಪರಿಹಾರವಾಗಿ ಕಂಪನಿ ಹೊಸ ಫರ್ಮ್‌ವೇರ್ (ಡ್ರೈವಿನೊಳಗಿನ ತಂತ್ರಾಂಶ) ಬಿಡುಗಡೆ ಮಾಡಬೇಕಾಯಿತು. 2019ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಸರ್ವರ್ ಗ್ರಾಹಕರಿಗೆ ಕೊಟ್ಟ ಎಚ್ಚರಿಕೆ ಇನ್ನೂ ಭಯಂಕರ. ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ, ಓಡಿದ ಮೇಲೆ ನಿಂತುಹೋಗುತ್ತವೆ. ಆಮೇಲೆ ಡ್ರೈವೂ ಇಲ್ಲ, ಮಾಹಿತಿಯೂ ಇಲ್ಲ. 32,768 ಎಂದರೆ 2ರ 15ನೇ ಘಾತ. ಗಂಟೆ ಎಣಿಸುವ ಲೆಕ್ಕದಲ್ಲಿದ್ದ ತಪ್ಪು ಗಟ್ಟಿಮುಟ್ಟಾದ ಚಿಪ್‌ಗಳನ್ನೂ ನಿಷ್ಪ್ರಯೋಜಕ ಮಾಡುತ್ತಿತ್ತು.

ಮೊದಲು ಕೈ ಕಟ್ಟಿ ನಿಲ್ಲಿ

ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಅಥವಾ ‘ಇನಿಶಿಯಲೈಸ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ಹೌದೆಂದರೆ ಅಳಿದುಳಿದ ಗುರುತುಗಳ ಮೇಲೂ ಹೊಸ ಬರಹ ಬೀಳುತ್ತದೆ. ಚೆಕ್‌ಡಿಸ್ಕ್ ಓಡಿಸುವ ಆತುರವೂ ಬೇಡ. ಅದು ಕಡತ ವ್ಯವಸ್ಥೆಯನ್ನು ಸರಿಪಡಿಸುವ ಸಾಧನ, ಡ್ರೈವನ್ನಲ್ಲ. ಸಾಯುತ್ತಿರುವ ಡ್ರೈವ್ ಮೇಲೆ ಬರೆಯುತ್ತಾ ಹೋಗುತ್ತದೆ.

ಡ್ರೈವ್ ಇನ್ನೂ ತೆರೆಯುತ್ತಿದೆ, ಆದರೆ ತಡವರಿಸುತ್ತಿದೆ ಎಂದಾದರೆ ತಪಾಸಣೆ ಆಮೇಲಿರಲಿ. ಬೇಕಾದ ಕಡತಗಳನ್ನು ಆಗಲೇ ಬೇರೆ ಡಿಸ್ಕಿಗೆ ನಕಲು ಮಾಡಿ. ಆಯುಷ್ಯ ಮುಗಿದಾಗ ಕೆಲವು ಡ್ರೈವ್‌ಗಳು ‘ಓದಲು ಮಾತ್ರ’ ಸ್ಥಿತಿಗೆ ಜಾರುತ್ತವೆ: ಬರೆಯಲು ಬಿಡುವುದಿಲ್ಲ, ಓದಲು ಬಿಡುತ್ತವೆ. ಅದನ್ನು ಸರಿಪಡಿಸಲು ಹೆಣಗದೆ, ಸಿಕ್ಕ ಅವಕಾಶವೆಂದು ಬಳಸಿಕೊಳ್ಳಿ. ನಕಲು ನಡುವೆ ನಿಂತು ನಿಂತು ಹೋಗುತ್ತಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಒಳ್ಳೆಯದು. ಸುಲಭವಾಗಿ ಸಿಗುವ ಭಾಗಗಳನ್ನು ಅದು ಮೊದಲು ಬಾಚಿಕೊಳ್ಳುತ್ತದೆ, ಹಟ ಮಾಡುವ ಭಾಗಗಳಿಗೆ ಆಮೇಲೆ ಮರಳುತ್ತದೆ.

ತಪ್ಪು ಡ್ರೈವಿನದೇ?

ಡ್ರೈವ್ ಕಾಣಿಸದಿದ್ದರೆ, ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ ನೋಡಿ. ಅಲ್ಲಿ ಹೆಸರೂ ಗಾತ್ರವೂ ಸರಿಯಾಗಿದ್ದರೆ ಎಲೆಕ್ಟ್ರಾನಿಕ್ಸ್ ಜೀವಂತವಾಗಿದೆ. ಕೆಟ್ಟಿರುವುದು ವಿಂಡೋಸ್ ಇರಬಹುದು. ಹಳೆಯ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತರೆ ತಾರೀಕಿನ ಜೊತೆ ಡಿಸ್ಕ್ ಜೊತೆ ಮಾತಾಡುವ ರೀತಿಯನ್ನು ನಿಗದಿಮಾಡುವ ಸಾಟಾ ಮೋಡ್ ಕೂಡ ಬದಲಾಗಿ, ಚೆನ್ನಾಗಿದ್ದ ವಿಂಡೋಸ್ ನೀಲಿ ಪರದೆ ತೋರಿಸುವುದುಂಟು. ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಡ್ರೈವೇ ಕಾಣದಿದ್ದರೆ, ವಿಎಂಡಿ ಎಂಬ ವ್ಯವಸ್ಥೆಯ ಡ್ರೈವರ್ ಬೇಕಾಗಿರುತ್ತದೆ, ಅಷ್ಟೇ.

ಬಯಾಸ್‌ನಲ್ಲೂ ಕಾಣದಿದ್ದರೆ ವಿದ್ಯುತ್ ಪೂರ್ತಿ ತೆಗೆದು, ಡ್ರೈವ್ ಕಳಚಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಸಾಟಾ ಡ್ರೈವ್ ಆದರೆ ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಎಂ.2 ಡ್ರೈವ್ ಆದರೆ ಒಂದು ವಿಷಯ ನೆನಪಿರಲಿ: ನೋಡಲು ಒಂದೇ ಥರ ಇದ್ದರೂ ಅದರಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿ. ಒಂದಕ್ಕಾಗಿ ಮಾಡಿದ ಸ್ಲಾಟ್‌ನಲ್ಲಿ ಇನ್ನೊಂದು ಕೆಲಸ ಮಾಡದಿರಬಹುದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಡ್ರೈವ್ ಅಥವಾ ಯುಎಸ್‌ಬಿ ಕೇಸ್ ಕೊಳ್ಳುವಾಗಲೂ ‘ಸಾಟಾವೋ, ಎನ್‌ವಿಎಂಇಯೋ?’ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು.

ಇಷ್ಟಾದರೂ ಮಾತಾಡದ ಡ್ರೈವಿಗೆ ಒಂದು ಸರಳ ಉಪಚಾರವಿದೆ. ಡೆಸ್ಕ್‌ಟಾಪ್‌ನಲ್ಲಾದರೆ ಡೇಟಾ ಕೇಬಲ್ ತೆಗೆದು ವಿದ್ಯುತ್ ಕೇಬಲ್ ಮಾತ್ರ ಇಡಿ. ಲ್ಯಾಪ್‌ಟಾಪ್‌ನಲ್ಲಾದರೆ ಬಯಾಸ್ ಪರದೆಯಲ್ಲೇ ನಿಲ್ಲಿಸಿ. ಇಪ್ಪತ್ತು ಮೂವತ್ತು ನಿಮಿಷ ಹಾಗೇ ಬಿಟ್ಟು, ಅರ್ಧ ನಿಮಿಷ ವಿದ್ಯುತ್ ಕಡಿದು, ಇನ್ನೊಮ್ಮೆ ಅದನ್ನೇ ಮಾಡಿ. ಯಾರೂ ಬಂದು ಕಡತ ಕೇಳದ ಆ ಹೊತ್ತಿನಲ್ಲಿ ಶಾನುಭೋಗ ಪುಸ್ತಕವನ್ನು ಮತ್ತೆ ಜೋಡಿಸಿಕೊಳ್ಳಬಹುದು. ಕರೆಂಟ್ ಹೋದ ಮೇಲೆ ಮೂಕವಾದ ಡ್ರೈವ್‌ಗಳಲ್ಲಿ ಇದು ಕೆಲವೊಮ್ಮೆ ಫಲಿಸುತ್ತದೆ. ಫಲಿಸಿದರೆ ಸಂಭ್ರಮಿಸುವ ಮೊದಲು ನಕಲು ಮಾಡಿಕೊಳ್ಳಿ.

ನಾಡಿ ಹಿಡಿಯುವುದು

ಪ್ರತಿ ಎಸ್‌ಎಸ್‌ಡಿಯೂ ‘ಸ್ಮಾರ್ಟ್’ ಎಂಬ ಆರೋಗ್ಯ ವರದಿ ಇಟ್ಟುಕೊಂಡಿರುತ್ತದೆ. ವಿಂಡೋಸ್‌ನಲ್ಲಿ ಉಚಿತವಾದ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಅದನ್ನು ಓದಿ ಹೇಳುತ್ತವೆ. ಎನ್‌ವಿಎಂಇ ಡ್ರೈವ್‌ನಲ್ಲಿ ಮೂರು ಸಾಲು ನೋಡಿ. ‘ಪರ್ಸೆಂಟೇಜ್ ಯೂಸ್ಡ್’ ಎಷ್ಟು ಸವೆದಿದೆ ಎನ್ನುತ್ತದೆ. 100 ಮುಟ್ಟಿತೆಂದರೆ ಸತ್ತಿತೆಂದಲ್ಲ, ಕಂಪನಿ ಅಂದಾಜಿಸಿದ ಬಾಳಿಕೆ ಮುಗಿಯಿತೆಂದು. ‘ಅವೈಲಬಲ್ ಸ್ಪೇರ್’ ಎಂದರೆ ಕೆಟ್ಟ ಬ್ಲಾಕ್‌ಗಳ ಬದಲಿಗೆ ಕಾದಿಟ್ಟ ಬ್ಲಾಕ್‌ಗಳು. ಇದು ಇಳಿಯುತ್ತಿದ್ದರೆ ಹೊಸ ಡ್ರೈವಿಗೆ ದುಡ್ಡು ಹೊಂದಿಸಿ. ‘ಮೀಡಿಯಾ ಎರರ್ಸ್’ ದಿನೇ ದಿನೇ ಏರುತ್ತಿದ್ದರೆ ಕಾಯುವುದೇ ಬೇಡ. ಸಾಟಾ ಡ್ರೈವ್‌ನಲ್ಲಿ ‘ಸಿಆರ್‌ಸಿ ಎರರ್’ ಮಾತ್ರ ಏರುತ್ತಿದ್ದರೆ ಅಪರಾಧಿ ಬಹುಮಟ್ಟಿಗೆ ಕೇಬಲ್.

ವರದಿ ಚೆನ್ನಾಗಿದ್ದೂ ವೇಗ ಕುಸಿದಿದ್ದರೆ ಎರಡನ್ನು ಶಂಕಿಸಿ. ಡ್ರೈವ್ ತುಂಬಿ ತುಳುಕುತ್ತಿರಬಹುದು. ಶೇಕಡಾ ಹತ್ತರಿಂದ ಇಪ್ಪತ್ತು ಭಾಗ ಖಾಲಿ ಇಡಿ, ಕಂಟ್ರೋಲರ್‌ಗೆ ಕೈಕಾಲು ಆಡಿಸಲು ಜಾಗ ಬೇಕು. ಇಲ್ಲವೇ ಬಿಸಿಯಾಗುತ್ತಿರಬಹುದು, ಡ್ರೈವ್ ತೀರಾ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಫರ್ಮ್‌ವೇರ್ ಹೊಸತಿದೆಯೇ ಎಂದು ಕಂಪನಿಯ ತಂತ್ರಾಂಶದಲ್ಲಿ ನೋಡಿ. ಆದರೆ ನಕಲು ಮಾಡಿಕೊಂಡ ನಂತರ, ಕರೆಂಟ್ ಹೋಗದ ಭರವಸೆ ಇರುವಾಗ ಮಾತ್ರ ಹಾಕಿ.

ಮರಳಿ ಬಾರದ್ದು

ಹಾರ್ಡ್‌ಡಿಸ್ಕ್‌ನಲ್ಲಿ ತಪ್ಪಿ ಅಳಿಸಿದ ಕಡತವನ್ನು ಹುಡುಕಿ ತೆಗೆಯುವುದು ಎಷ್ಟೋ ಸಲ ಸಾಧ್ಯವಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಆಜ್ಞೆ ‘ಈ ಜಾಗ ಇನ್ನು ಬೇಡ’ ಎಂದು ಕಂಟ್ರೋಲರ್‌ಗೆ ತಿಳಿಸುತ್ತದೆ, ಅದು ಬಿಡುವಾದಾಗ ಒರೆಸಿಹಾಕುತ್ತದೆ. ಸತ್ತ ಡ್ರೈವ್‌ನಿಂದ ಚಿಪ್ ಕಿತ್ತು ಓದುವುದೂ ಸುಲಭವಲ್ಲ. ಅನೇಕ ಕಂಟ್ರೋಲರ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆದಿರುತ್ತವೆ. ಇದರ ಮೇಲೆ ವಿಂಡೋಸ್‌ನದೇ ಗೂಢಲಿಪಿ ಬೀಗವಾದ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಯಾವ ಪರಿಣತನೂ ಏನೂ ಮಾಡಲಾರ. ಆ ಕೀ ಎಲ್ಲಿದೆ ಎಂದು ಡ್ರೈವ್ ಚೆನ್ನಾಗಿರುವಾಗಲೇ ಹುಡುಕಿಟ್ಟುಕೊಳ್ಳಿ.

ಎಸ್‌ಎಸ್‌ಡಿಯನ್ನು ಬೀರುವಿನಲ್ಲಿ ಇಟ್ಟು ಮರೆಯುವುದೂ ಸರಿಯಲ್ಲ. ಉದ್ಯಮದ ಜೆಡೆಕ್ ಮಾನದಂಡದ ಪ್ರಕಾರ, ಪೂರ್ತಿ ಸವೆದ ಗೃಹಬಳಕೆಯ ಡ್ರೈವ್ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಕಾಪಾಡಿದರೆ ಸಾಕು. ಹೊಸದು ಇನ್ನೂ ಹೆಚ್ಚು ಕಾಲ ತಾಳುತ್ತದೆ. ಆದರೆ ಸೆಖೆ ಹೆಚ್ಚಿದಷ್ಟೂ ಆವೇಶ ಬೇಗ ಸೋರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮದುವೆ ಫೋಟೊಗಳಿರುವ ಏಕೈಕ ಪ್ರತಿ ಹಾಗೆ ಬಿದ್ದಿರುವುದು ಬೇಡ.

ವಾರಂಟಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಕೆಟ್ಟ ಡ್ರೈವ್ ಕೊಟ್ಟರೆ ಕಂಪನಿ ಬೇರೆಯದು ಕೊಡುತ್ತದೆ, ಖಾಲಿಯದು. ಜಮೀನಿಗೆ ಬದಲಿ ಜಮೀನು ಸಿಗುತ್ತದೆ. ಪಹಣಿಯ ಪ್ರತಿಯನ್ನು ನೀವೇ ತೆಗೆದಿಟ್ಟಿರಬೇಕು. ಇಂದು ಸಂಜೆ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿಸಿ ಆ ಕೆಲಸ ಮುಗಿಸಿಬಿಡಿ.