ವಿರಾಜಪೇಟೆ–ಮಾಕುಟ್ಟ ದಾರಿಯ ವಸತಿಗಳು: ನೆಲದ ಹಕ್ಕೂ ನೆಲೆಗಳ ಅಂತರವೂ

ಸೋವಿಯತ್ ಒಕ್ಕೂಟವೂ ಪೂರ್ವ ಯೂರೋಪಿನ ಸಮಾಜವಾದಿ ಸರಕಾರಗಳೂ ೧೯೮೯ರಿಂದ ೧೯೯೧ರೊಳಗೆ ಕುಸಿದುಬಿದ್ದ ಮೇಲೆ ಅಲ್ಲಿಯ ಪಟ್ಟಣಗಳಲ್ಲಿ ಕೇರಿಗೂ ಕೇರಿಗೂ ಉಂಟಾದ ಅಂತರವನ್ನು ಕುರಿತು ವಿದ್ವಾಂಸರು ಬಹುವಾಗಿ ಬರೆದಿರುವರು. ಅದೇ ಕುಸಿತವು ಕೊಡಗಿನ ಬೆಟ್ಟಗಳ ವಸತಿಗಳನ್ನೂ ಬಂದು ತಟ್ಟಿತೆಂಬುದು ಮೊದಲ ನೋಟಕ್ಕೆ ತೋರುವುದಿಲ್ಲ. ಆ ಎರಡಕ್ಕೂ ನಡುವಣ ಕೊಂಡಿ ಕಾಫಿ. ವಿರಾಜಪೇಟೆಯಿಂದ ಹೊರಟು ಪೆರುಂಬಾಡಿಯನ್ನು ದಾಟಿ, ಕಾಡಿನ ಘಾಟಿಯನ್ನಿಳಿದು ಮಾಕುಟ್ಟವನ್ನು ಸೇರುವ ರಸ್ತೆಯೊಂದನ್ನೇ ಹಿಡಿದು ನೋಡಿದರೂ ಈ ಸಂಗತಿಯು ಮನಗಾಣುವಂತಿದೆ.

ವಿರಾಜಪೇಟೆಯು ಸಮುದ್ರಮಟ್ಟಕ್ಕೆ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಊರು. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಜನರಲ್ ಅಬರ್‌ಕ್ರಾಂಬಿಯ ಭೇಟಿಯ ನೆನಪಿಗಾಗಿ ದೊಡ್ಡವೀರರಾಜೇಂದ್ರನು ೧೭೯೨ರಲ್ಲಿ ಕಟ್ಟಿಸಿದ ಪೇಟೆ. ಪೇಟೆಯನ್ನು ಬಿಟ್ಟೊಡನೆ ತೋಟಗಳು ಮೊದಲಾಗುತ್ತವೆ. ಗದ್ದೆಯ ಮೇಲಣ ದಿಣ್ಣೆಯಲ್ಲಿ ಒಕ್ಕದ ಐನ್‌ಮನೆ; ಕಾಫಿಯ ನಡುವೆ ಧಣಿಗಳ ಬಂಗಲೆ; ತೋಟದ ಒಂದು ಅಂಚಿನಲ್ಲಿ, ಒಂದೇ ಉದ್ದನೆಯ ಮಾಡಿನ ಕೆಳಗೆ ಸಾಲಾಗಿ ಕೋಣೆಗಳಿರುವ ‘ಲೈನ್ ಮನೆ’. ಸರಕಾರದ ಬೀಳುಭೂಮಿಗೆ ಕೊಡಗಿನಲ್ಲಿ ಪೈಸಾರಿಯೆಂದು ಹೆಸರು. ಅಲ್ಲಿ ಬಿಡಾರ ಹೂಡಿದವರು ಕೆಲವರು. ಕಾಡಿನಂಚಿನಲ್ಲಿ ಎರವರೇ ಮೊದಲಾದವರ ಹಾಡಿಗಳು. ಇವು ಒಂದಕ್ಕೊಂದು ಕೂಗಳತೆಯಲ್ಲಿದ್ದರೂ ಪಟ್ಟಣದ ಬೇರೆ ಬೇರೆ ಕೇರಿಗಳಿಗಿಂತ ಹೆಚ್ಚು ದೂರವಾದುವು. ಈ ದೂರವು ಕೂಲಿಯ ಹೆಚ್ಚುಕಡಿಮೆಯಿಂದ ಮಾತ್ರ ಹುಟ್ಟಿದುದಲ್ಲ. ಮನೆಯ ಕೆಳಗಿನ ನೆಲವು ಯಾರದೆಂಬ ಪ್ರಶ್ನೆಯಿಂದ ಹುಟ್ಟಿದುದು.

ಈ ಪ್ರಶ್ನೆಯ ಮೂಲವು ಹಳೆಯದು. ಕೊಡಗಿನ ಅರಸರ ಕಾಲದಿಂದಲೂ ಕೊಡವರೇ ಮೊದಲಾದ ಕೆಲವು ಜನವರ್ಗಗಳು ಭೂಮಿಯನ್ನು ‘ಜಮ್ಮ’ದ ಹಕ್ಕಿನಿಂದ ಅನುಭವಿಸುತ್ತ ಬಂದರು. ಜಮ್ಮವೆಂದರೆ ವಂಶಪಾರಂಪರ್ಯದ ಹಿಡುವಳಿ; ಅದಕ್ಕೆ ಕಂದಾಯ ಅರ್ಧ; ಗದ್ದೆಯೊಡನೆ ಸೌದೆ, ಸೊಪ್ಪು, ಮೇವುಗಳಿಗಾಗಿ ಬಾಣೆಯ ಕಾಡೂ ಸೇರಿರುತ್ತಿತ್ತು. ೧೮೩೪ರಲ್ಲಿ ದೇಶವನ್ನು ವಶಪಡಿಸಿಕೊಂಡ ಇಂಗ್ಲಿಷರು ಈ ಪದ್ಧತಿಯನ್ನು ಉಳಿಸಿಕೊಂಡರು. ಜಮ್ಮವೆಂಬ ಮಾತಿಗೆ ಇನ್ನೊಂದು ಪ್ರಯೋಗವೂ ಇದ್ದಿತು. ಭೂಮಿಯನ್ನು ಬಿಟ್ಟುಹೋಗಲಾರದೆ ಅದಕ್ಕೇ ಕಟ್ಟುಬಿದ್ದ ಜೀತದವನನ್ನು ‘ಭೂಮಿಜಮ್ಮದ ಆಳು’ ಎನ್ನುತ್ತಿದ್ದರು. ಹೀಗೆ ಒಂದೇ ಶಬ್ದವು ಒಬ್ಬನನ್ನು ನೆಲಕ್ಕೆ ಒಡೆಯನನ್ನಾಗಿಯೂ ಮತ್ತೊಬ್ಬನನ್ನು ನೆಲದ ಸ್ವತ್ತನ್ನಾಗಿಯೂ ಮಾಡಿತು. ಜೀತವು ಕಾನೂನಿನಿಂದ ಅಳಿದುಹೋದರೂ ಆಳಿನ ಮಕ್ಕಳಿಗೆ ನೆಲ ಬರಲಿಲ್ಲ. ಜಮ್ಮದ ಒಕ್ಕಗಳೆಲ್ಲ ಸಿರಿವಂತರಾಗಿದ್ದರೆಂದು ಇದರಿಂದ ತಿಳಿಯಬಾರದು. ಪಾಲುಪಾಲಾಗಿ ಹಿಡುವಳಿ ಕಿರಿದಾದ ಮನೆಗಳೂ, ಬಾಣೆಯ ಒಡೆತನಕ್ಕಾಗಿ ಸರಕಾರದೊಡನೆ ದೀರ್ಘಕಾಲ ವ್ಯಾಜ್ಯವಾಡಿದ ಮನೆಗಳೂ ಹಲವು. ಆದರೂ ವ್ಯಾಜ್ಯವಾಡಲು ಅವರಿಗೆ ಒಂದು ದಾಖಲೆಯಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಬಂದಾಗ ಗಿಡಗಳು ಈ ಬಾಣೆಗಳಲ್ಲಿಯೂ, ಕಾಡು ಕಡಿದ ತೋಟಗಳಲ್ಲಿಯೂ ಬೇರೂರಿದುವು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಕಂಗೆಟ್ಟಾಗ ೧೯೪೨ರ ಶಾಸನದಂತೆ ಕಾಫಿ ಮಂಡಲಿಯು ಬೆಳೆಯನ್ನೆಲ್ಲ ಒಂದು ಕಣಜಕ್ಕೆ ಕೂಡಿಸಿಕೊಂಡು ತಾನೇ ಮಾರತೊಡಗಿತು. ಬೆಳೆಗಾರನು ತನ್ನ ಕಾಫಿಯನ್ನು ಮಂಡಲಿಗೆ ಒಪ್ಪಿಸಿ ಕಂತುಕಂತಾಗಿ ಹಣವನ್ನು ಪಡೆಯುತ್ತಿದ್ದನು. ಯುದ್ಧಕಾಲದ ಈ ಏರ್ಪಾಡು ಅರ್ಧ ಶತಮಾನ ಬಾಳಿತು. ಅದರ ಕೊನೆಗಾಲದಲ್ಲಿ ಭಾರತದ ಕಾಫಿಗೆ ಬಹು ದೊಡ್ಡ ಗಿರಾಕಿಯೆಂದರೆ ಸೋವಿಯತ್ ಒಕ್ಕೂಟ. ವ್ಯವಹಾರವು ರೂಪಾಯಿಯಲ್ಲಿಯೇ ನಡೆಯುತ್ತಿತ್ತು. ಆ ಗಿರಾಕಿಯೇ ೧೯೯೧ರಲ್ಲಿ ಇಲ್ಲವಾದಾಗ ಏರ್ಪಾಡಿನ ಬುಡವು ಅಲುಗಿತು. ಬೆಳೆಗಾರರು ನೂರಕ್ಕೆ ೩೦ರಷ್ಟು ಕಾಫಿಯನ್ನು ತಾವೇ ಮಾರಬಹುದೆಂದು ೧೯೯೨ರಲ್ಲಿ ಅಪ್ಪಣೆಯಾಯಿತು; ೧೯೯೬ರಲ್ಲಿ ಕಟ್ಟುಪಾಡು ಪೂರ್ತಿಯಾಗಿ ತೊಲಗಿತು. ನಡುವೆ ೧೯೯೪ರಲ್ಲಿ ಬ್ರೆಜಿಲ್ಲಿನ ತೋಟಗಳು ಹಿಮಪಾತಕ್ಕೆ ಸಿಕ್ಕಿದುದರಿಂದ ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿತು. ಆ ವರ್ಷಗಳ ಹಣದಿಂದ ಕೊಡಗಿನಲ್ಲಿ ಹೊಸ ಮನೆಗಳೆದ್ದುವು, ಕಾರುಗಳು ಬಂದುವು.

ಲೈನ್ ಮನೆಯ ಗತಿ ಬೇರೆ. ೧೯೫೧ರ ತೋಟಗಾರಿಕೆ ಕಾರ್ಮಿಕರ ಶಾಸನವು ಕೆಲಸಗಾರರಿಗೆ ವಸತಿಯನ್ನು ಒದಗಿಸುವ ಹೊಣೆಯನ್ನು ತೋಟದ ಒಡೆಯರ ಮೇಲೆ ಹೊರಿಸಿತು. ಉದ್ದೇಶವು ಒಳ್ಳೆಯದೇ, ಆದರೆ ಅದರಿಂದ ಮನೆಯು ಕೆಲಸದ ಅಂಗವಾಗಿ ಉಳಿಯಿತು. ಕೆಲಸ ಬಿಟ್ಟವನು ಮನೆಯನ್ನೂ ಬಿಡಬೇಕು. ಮೂರು ತಲೆಮಾರು ಒಂದೇ ಕೋಣೆಯಲ್ಲಿ ಬಾಳಿದರೂ ಅದರ ಒಂದು ಗೋಡೆಯೂ ತಮ್ಮದಲ್ಲ. ಆದುದರಿಂದ ಕಾಫಿಯ ಬೆಲೆ ಏರಿದಾಗ ಲೈನಿನವರಿಗೆ ಬಂದರೆ ಕೂಲಿಯ ಏರಿಕೆಯಷ್ಟೇ ಬರಬೇಕು. ನೆಲದ ಬೆಲೆಯ ಏರಿಕೆಯಲ್ಲಿ ಅವರಿಗೆ ಪಾಲಿಲ್ಲ. ಈಚೆಗೆ ಅಸ್ಸಾಮು, ಬಂಗಾಳಗಳಿಂದ ಬಂದ ಕೆಲಸಗಾರರು ಅದೇ ಕೋಣೆಗಳಲ್ಲಿ ತಂಗುತ್ತಿರುವರು. ಜನ ಬದಲಾದರೂ ಕೋಣೆಯ ನಿಯಮ ಬದಲಾಗಲಿಲ್ಲ.

ಇಲ್ಲಿ ಪೂರ್ವ ಯೂರೋಪಿನ ಪಟ್ಟಣಗಳ ಹೋಲಿಕೆಯು ಉಪಯುಕ್ತವಾಗಿದೆ. ಸಮಾಜವಾದದ ಕಾಲದಲ್ಲಿ ಅಲ್ಲಿಯ ಕೇರಿಗಳೆಲ್ಲ ಸಮವಾಗಿದ್ದುವೆಂದು ಭಾವಿಸುವುದು ತಪ್ಪು. ಹಂಗೆರಿಯ ಸಮಾಜಶಾಸ್ತ್ರಜ್ಞರಾದ ಇವಾನ್ ಸೆಲೆನಿಯವರು ಪೇಚ್, ಸೆಗೆಡ್ ಎಂಬ ಪಟ್ಟಣಗಳನ್ನು ಪರೀಕ್ಷಿಸಿ, ಸರಕಾರದ ಹೊಸ ಮನೆಗಳು ಅಧಿಕಾರಿಗಳಿಗೂ ವಿದ್ಯಾವಂತರಿಗೂ ಹೆಚ್ಚಾಗಿ ದೊರೆತುವೆಂದೂ, ದುಡಿಮೆಗಾರರು ಸ್ವಂತ ಹಣದಿಂದ ಊರ ಹೊರವಲಯದಲ್ಲಿ ಮನೆ ಕಟ್ಟಿಕೊಳ್ಳಬೇಕಾಗಿತ್ತೆಂದೂ ೧೯೮೩ರ ಗ್ರಂಥದಲ್ಲಿ ತೋರಿಸಿದರು. ಕುಸಿತದ ಬಳಿಕ ಆ ಮನೆಗಳು ವಾಸವಾಗಿದ್ದವರಿಗೇ ಸಂದುವು: ರಷ್ಯದಲ್ಲಿ ೧೯೯೧ರ ಜುಲೈ ತಿಂಗಳ ಶಾಸನದಂತೆ ಬಿಟ್ಟಿಯಾಗಿ, ಹಂಗೆರಿಯಲ್ಲಿ ಅಲ್ಪಬೆಲೆಗೆ. ಒಳ್ಳೆಯ ಕೇರಿಯವನಿಗೆ ಒಳ್ಳೆಯ ಸ್ವತ್ತು, ಹಾಳು ಕೇರಿಯವನಿಗೆ ಹಾಳು ಸ್ವತ್ತು. ಹಳೆಯ ಭೇದವೇ ಬೆಲೆಯ ರೂಪವನ್ನು ತಾಳಿತು. ಆದರೂ ಹಾಳು ಕೇರಿಯವನ ಕೈಗೆ ಬಾಗಿಲ ಕೀಲಿಯಾದರೂ ಬಂದಿತು. ಕೊಡಗಿನಲ್ಲಿ ಸರಕಾರವು ಕಾಫಿಯಿಂದ ಹಿಂದೆಗೆದಾಗ ಲೈನಿನವರಿಗೆ ಸಲ್ಲತಕ್ಕ ವಸ್ತುವೇ ಅದರ ಕೈಯಲ್ಲಿರಲಿಲ್ಲ. ಏಕೆಂದರೆ ಅದು ಮಾರುತ್ತಿದ್ದುದು ಬೆಳೆಯನ್ನು, ನೆಲವನ್ನಲ್ಲ.

ಸ್ವಂತ ನೆಲದ ಆಸೆಯು ಎಷ್ಟು ಬಲವಾದುದೆಂಬುದು ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ ಪ್ರಕಟವಾಯಿತು. ಲೈನ್ ಮನೆಗಳನ್ನು ಬಿಟ್ಟುಬಂದ ಅನೇಕ ಆದಿವಾಸಿ ಕುಟುಂಬಗಳು ಅಲ್ಲಿಯ ಕಾಡಿನಲ್ಲಿ ಗುಡಿಸಲು ಹಾಕಿಕೊಂಡಿದ್ದುವು. ೨೦೧೬ರ ಡಿಸೆಂಬರಿನಲ್ಲಿ ಅವುಗಳನ್ನು ಕೆಡವಲಾಯಿತು. ದೊಡ್ಡ ಚಳವಳಿಯಾದ ಮೇಲೆ ಐನೂರಕ್ಕೆ ಮೀರಿದ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಿವೇಶನಗಳು ದೊರೆತುವು. ೨೦೦೬ರ ಅರಣ್ಯಹಕ್ಕು ಶಾಸನದ ಪ್ರಯೋಜನವು ಕಾಡಿನಲ್ಲಿ ಹಿಂದಿನಿಂದ ನೆಲೆಸಿದವರಿಗೆ ಮೀಸಲು. ತೋಟದ ಕೋಣೆಯಲ್ಲಿ ಬಾಳು ಸವೆಸಿದವನಿಗೆ ತಾನು ಕಾಡಿನವನೆಂದು ಸಾಧಿಸುವುದೇ ಕಷ್ಟ.

ಪೆರುಂಬಾಡಿಯ ಮುಂದೆ ತೋಟಗಳು ಮುಗಿದು, ೧೯೭೪ರಲ್ಲಿ ಘೋಷಿತವಾದ ಬ್ರಹ್ಮಗಿರಿ ವನ್ಯಧಾಮದ ಕಾಡು ಇಬ್ಬದಿಯಲ್ಲೂ ಕವಿಯುತ್ತದೆ. ೨೦೧೮ರ ಜೂನ್ ತಿಂಗಳ ಮಳೆಗೆ ಈ ಘಾಟಿಯು ಕುಸಿದು ಸಂಚಾರವೇ ನಿಂತುಹೋಗಿದ್ದಿತು. ಘಾಟಿಯ ಬುಡದಲ್ಲಿ ಮಾಕುಟ್ಟ: ತನಿಖೆಯ ಠಾಣೆ, ಅರಣ್ಯ ಇಲಾಖೆಯ ವಲಯ ಕಚೇರಿ, ಸುತ್ತಲೂ ಕಾಡು. ಕೂಟುಪುಳ ಸೇತುವೆಯನ್ನು ದಾಟಿದರೆ ಕೇರಳ.

ಸೇತುವೆಯಾಚೆ, ಇರಿಟ್ಟಿಯ ಸೀಮೆಯಲ್ಲಿ, ಆರಳಂ ಎಂಬಲ್ಲಿ ಕೇಂದ್ರ ಸರಕಾರವು ೧೯೭೧ರಲ್ಲಿ ದೊಡ್ಡದೊಂದು ಸರಕಾರಿ ತೋಟವನ್ನು ಆರಂಭಿಸಿದ್ದಿತು. ೨೦೦೪ರಲ್ಲಿ ಕೇರಳ ಸರಕಾರವು ಅದನ್ನು ಕೊಂಡು, ಸುಮಾರು ಅರ್ಧದಷ್ಟನ್ನು ನೆಲವಿಲ್ಲದ ಆದಿವಾಸಿಗಳಿಗೆ ಕುಟುಂಬಕ್ಕೆ ಒಂದೊಂದು ಎಕರೆಯಂತೆ ಹಂಚಿತು. ಲೈನಿನವರಿಗೆ ದೊರೆಯದ ಹಕ್ಕುಪತ್ರವು ಇಲ್ಲಿಯವರಿಗೆ ದೊರೆಯಿತು. ಆದರೆ ಆ ನೆಲವು ವನ್ಯಧಾಮದ ಮಗ್ಗುಲಿನದು. ಆನೆಗಳು ಒಳನುಗ್ಗಿ ಬೆಳೆಯನ್ನು ತುಳಿದುವು, ಜನರನ್ನು ಕೊಂದುವು. ಹಕ್ಕುಪತ್ರವನ್ನು ಕೈಯಲ್ಲಿಟ್ಟುಕೊಂಡೇ ಮನೆಗೆ ಬೀಗ ಹಾಕಿ ಹೊರಟುಹೋದ ಕುಟುಂಬಗಳು ಅಲ್ಲಿ ಅನೇಕವುಂಟು.